ಕುದುರೆಗೆ ಜಂತುಹುಳು ಔಷಧ: ತೊಂದರೆ ಔಷಧದ್ದೇ, ಹುಳುವಿನದೇ?

ಪಶು ಆರೋಗ್ಯ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಮದುವೆ ಮೆರವಣಿಗೆಗೆ ಬಾಡಿಗೆಗೆ ಕಳಿಸುವ ಆರು ವರ್ಷದ ಗಂಡುಕುದುರೆ ನಮ್ಮಲ್ಲಿದೆ. ಕಾಲುವೆ ಬದಿಯ ಹುಲ್ಲಿನಲ್ಲಿ ಮೇಯುತ್ತದೆ. ಮೈ ಬಡವಾಗುತ್ತಿದೆ ಎಂದು ಅಂಗಡಿಯಲ್ಲಿ ವಿಚಾರಿಸಿದಾಗ, ಕುದುರೆಯ ಪೇಸ್ಟ್ ಇಲ್ಲವೆಂದು ಹೇಳಿ ದನಗಳಿಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು. ಪರಿಚಿತರೊಬ್ಬರಿಂದ ಕುತ್ತಿಗೆಗೆ ಹಾಕಿಸಿದೆವು. ಎರಡನೆಯ ದಿನ ಹೊಟ್ಟೆಯ ಕೆಳಭಾಗದ ನಡುವೆ ಉದ್ದಕ್ಕೂ ಬಾವು ಬಂತು. ಕುದುರೆ ಗೋಡೆಗೆ ಮೈ ಉಜ್ಜತೊಡಗಿತು. ಸೂಜಿ ಚುಚ್ಚಿದ ಕಡೆಯೂ ಗಂಟು ಇದೆ. ಔಷಧ ವಿಷವಾಯಿತೇ? ಇದಕ್ಕಿಂತ ಸುರಕ್ಷಿತವಾದದ್ದು ಯಾವುದು?
— ಗಂಗಾವತಿಯ ಓದುಗರು

ಉತ್ತರ: ನೀವು ಒಂದೇ ತೊಂದರೆ ಎಂದು ಭಾವಿಸಿರುವುದು ಎರಡು ಬೇರೆ ಬೇರೆ ಸಂಗತಿಗಳಾಗಿರುವ ಸಾಧ್ಯತೆ ಹೆಚ್ಚು. ಅವುಗಳನ್ನು ಬಿಡಿಸಿ ನೋಡದೆ ಔಷಧವನ್ನು ಬದಲಿಸಿದರೆ ಪ್ರಯೋಜನವಾಗದು.

ಮೊದಲು ಹೊಟ್ಟೆಯ ಬಾವು ಮತ್ತು ತುರಿಕೆ. ಕುದುರೆಗಳಲ್ಲಿ ಆಂಕೋಸರ್ಕ ಎಂಬ ದಾರದಂಥ ಹುಳುವೊಂದು ಜೂಲಿನ ಕೆಳಗೆ ಕುತ್ತಿಗೆಯುದ್ದಕ್ಕೂ ಸಾಗುವ ದಪ್ಪ ಅಸ್ಥಿರಜ್ಜುವಿನಲ್ಲಿ ವಾಸಿಸುತ್ತದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಚರ್ಮದಲ್ಲಿ, ಅದರಲ್ಲಿಯೂ ಹೊಟ್ಟೆಯ ಕೆಳಭಾಗದ ನಡುವಿನ ಚರ್ಮದಲ್ಲಿ, ಗುಂಪುಗೂಡಿರುತ್ತವೆ. ಒಂದು ಕುದುರೆಯಿಂದ ಇನ್ನೊಂದಕ್ಕೆ ಇದನ್ನು ಹರಡುವುದು ರಕ್ತ ಹೀರುವ ಸಣ್ಣ ನೊರಜು. ಅದು ಹುಟ್ಟಿ ಬೆಳೆಯುವುದು ಒದ್ದೆ ಕೆಸರಿನಲ್ಲಿ. ಕಾಲುವೆ ನೀರು ಮತ್ತು ಭತ್ತದ ಗದ್ದೆಗಳಿರುವ ನಿಮ್ಮ ಭಾಗದಲ್ಲಿ ಅದಕ್ಕೆ ನೆಲೆಯ ಕೊರತೆಯಿಲ್ಲ. ಐವರ್‌ಮೆಕ್ಟಿನ್ ಈ ಮರಿಗಳನ್ನು ಒಮ್ಮೆಗೇ ದೊಡ್ಡ ಸಂಖ್ಯೆಯಲ್ಲಿ ಕೊಲ್ಲುತ್ತದೆ. ಸತ್ತ ಮರಿಗಳ ವಿರುದ್ಧ ದೇಹ ಪ್ರತಿಕ್ರಿಯಿಸುವುದರಿಂದಲೇ ಊತ ಮತ್ತು ತುರಿಕೆ ಕಾಣಿಸಿಕೊಳ್ಳುತ್ತವೆ. ಕುದುರೆಯ ಐವರ್‌ಮೆಕ್ಟಿನ್ ಪೇಸ್ಟ್‌ನ ಸೂಚನಾಪತ್ರದಲ್ಲಿಯೂ ಈ ಎಚ್ಚರಿಕೆ ಇರುತ್ತದೆ. ಆದ್ದರಿಂದ ಇದು ಔಷಧ ಕೆಲಸ ಮಾಡಿದ್ದರ ಪರಿಣಾಮವೇ ಹೊರತು ವಿಷದ ಲಕ್ಷಣವಲ್ಲ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ತುರಿಕೆ ತೀವ್ರವಾಗಿದ್ದರೆ ವೈದ್ಯರು ಉರಿಯೂತ ತಗ್ಗಿಸುವ ಔಷಧ ಕೊಡುತ್ತಾರೆ. ಸ್ಟಿರಾಯ್ಡ್ ಇಂಜೆಕ್ಷನ್ನನ್ನು ಮಾತ್ರ ನೀವೇ ತಂದು ಹಾಕಿಸಬೇಡಿ. ಕುದುರೆಗಳಲ್ಲಿ ಅದು ಗೊರಸಿನ ಒಳಪದರದ ಉರಿಯೂತಕ್ಕೆ ದಾರಿ ಮಾಡಿಕೊಡಬಹುದು, ಆ ನೋವು ತುರಿಕೆಗಿಂತ ಎಷ್ಟೋ ಪಾಲು ಕಷ್ಟದ್ದು. ತುರಿಕೆಯನ್ನು ಉಣ್ಣೆಯ ಕಾಟವೆಂದು ತಿಳಿದು ದನಗಳ ಮೈಗೆ ಹಚ್ಚುವ ಅಮಿಟ್ರಾಜ್ ದ್ರಾವಣವನ್ನು ಕುದುರೆಗೆ ಹಚ್ಚುವುದು ಇನ್ನೂ ದೊಡ್ಡ ಅಪಾಯ. ಅದು ಕುದುರೆಯ ದೊಡ್ಡ ಕರುಳಿನ ಚಲನೆಯನ್ನೇ ನಿಲ್ಲಿಸಿ, ಲದ್ದಿ ಕಟ್ಟಿಕೊಂಡು ಪ್ರಾಣ ಹೋಗುವಂತೆ ಮಾಡಬಲ್ಲದು.

ಔಷಧ ಕೊಲ್ಲುವುದು ಮರಿಗಳನ್ನು ಮಾತ್ರ. ಬೆಳೆದ ಹುಳುಗಳು ಉಳಿದುಕೊಂಡು ಮತ್ತೆ ಮರಿ ಹಾಕುತ್ತವೆ. ಹಾಗಾಗಿ ಮುಂದಿನ ಸಲವೂ ಊತ ಬರಬಹುದು. ಈ ಬಾರಿ ನಡೆದುದನ್ನು ದಿನಾಂಕ, ಔಷಧದ ಹೆಸರು ಮತ್ತು ಪ್ರಮಾಣದ ಸಹಿತ ಬರೆದಿಟ್ಟುಕೊಂಡು, ಮುಂದಿನ ಔಷಧಕ್ಕೆ ಮೊದಲು ವೈದ್ಯರಿಗೆ ತೋರಿಸಿ.

ಇನ್ನು ಕುತ್ತಿಗೆಯ ಗಂಟು. ನನಗೆ ಹೆಚ್ಚು ಚಿಂತೆ ತಂದಿರುವುದು ಇದೇ. ದನಗಳಿಗೆಂದು ತಯಾರಾದ ಐವರ್‌ಮೆಕ್ಟಿನ್ ಇಂಜೆಕ್ಷನ್ ಕುದುರೆಗೆ ತಕ್ಕುದಲ್ಲ. ವಿದೇಶಗಳಲ್ಲಿ ಕುದುರೆಗೆಂದೇ ಇಂಥ ಇಂಜೆಕ್ಷನ್ ಮಾರಾಟಕ್ಕೆ ಬಂದಿತ್ತು. ಚುಚ್ಚಿದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿ ಮಾಂಸಖಂಡ ಕೊಳೆತ ಪ್ರಕರಣಗಳು ಕಂಡುಬಂದುದರಿಂದ 1980ರ ದಶಕದಲ್ಲಿಯೇ ಅದನ್ನು ಹಿಂತೆಗೆದುಕೊಂಡು, ಅದೇ ಔಷಧವನ್ನು ಬಾಯಿಯ ಮೂಲಕ ಕೊಡುವ ರೂಪದಲ್ಲಿ ಉಳಿಸಿಕೊಳ್ಳಲಾಯಿತು. ಗಂಟು ಬಿಸಿಯಾಗಿ ಬೆಳೆಯುತ್ತಿದ್ದರೆ, ಒತ್ತಿದಾಗ ಒಳಗೆ ಗಾಳಿ ತುಂಬಿದಂತೆ ಚರಚರ ಎಂದರೆ, ಕುದುರೆ ಕುತ್ತಿಗೆ ಬಗ್ಗಿಸದಿದ್ದರೆ ಅಥವಾ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರುದಿನಕ್ಕೆ ಕಾಯದೆ ವೈದ್ಯರನ್ನು ಕರೆಸಿ. 1962 ಸಹಾಯವಾಣಿಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವೂ ಲಭ್ಯವಿದೆ. ತಣ್ಣಗಿರುವ, ನೋವಿಲ್ಲದ ಸಣ್ಣ ಗಂಟಾದರೆ ಹೆದರಬೇಕಾಗಿಲ್ಲ, ಆದರೂ ದಿನವೂ ಮುಟ್ಟಿ ನೋಡುತ್ತಿರಿ.

ಹೀಗಾಗಿ ‘ಸುರಕ್ಷಿತವಾದದ್ದು ಯಾವುದು’ ಎಂಬುದಕ್ಕೆ ನನ್ನ ಉತ್ತರ ಬೇರೊಂದು ಔಷಧದ ಹೆಸರಲ್ಲ. ಅದೇ ಐವರ್‌ಮೆಕ್ಟಿನ್, ಆದರೆ ಕುದುರೆಗೆಂದೇ ಇರುವ ಪೇಸ್ಟ್, ಬಾಯಿಯ ಮೂಲಕ, ಪ್ರತಿ ಕಿಲೋ ತೂಕಕ್ಕೆ 0.2 ಮಿಲಿಗ್ರಾಂನಂತೆ. ನಿಮ್ಮ ಅಂಗಡಿಯಲ್ಲಿ ಸಿಗದಿದ್ದರೆ ವೈದ್ಯರ ಚೀಟಿ ತೋರಿಸಿ ತರಿಸಿಕೊಡಲು ಕೇಳಿ. ಜಂತುಹುಳು ಔಷಧ ಒಂದು ವಾರ ತಡವಾದರೆ ಕುದುರೆಗೆ ನಷ್ಟವೇನೂ ಆಗುವುದಿಲ್ಲ. ತೂಕವನ್ನು ಕಣ್ಣಳತೆಯಲ್ಲಿ ಹೇಳಿದರೆ ತಪ್ಪುವುದೇ ಹೆಚ್ಚು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, ಬಂದುದನ್ನು 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 150, ಉದ್ದ 140 ಇದ್ದರೆ ತೂಕ ಸುಮಾರು 265 ಕಿಲೋ.

ಪ್ರಶ್ನೆ: ನಾವು ಕುರಿ ಕಾಯುವವರು. ಸಾಮಾನು ಹೊರುವ ಕುದುರೆಯೊಂದು ಮರಿ ಹಾಕಿ ಐದು ತಿಂಗಳಾಯಿತು. ಮರಿಯ ಹೊಟ್ಟೆ ಗುಡಾಣದಂತಿದೆ, ಕೂದಲು ಒರಟಾಗಿದೆ. ಕುರಿಗಳಿಗೆ ಹಾಕುವ ಔಷಧವನ್ನೇ ಹಾಕಬಹುದೇ? ನಮ್ಮವರೊಬ್ಬರ ಮರಿ ಔಷಧ ಹಾಕಿದ ಮರುದಿನ ಹೊಟ್ಟೆನೋವಿನಿಂದ ಒದ್ದಾಡಿ ಸತ್ತಿತು, ಅದರಿಂದ ಭಯವಾಗಿದೆ.
— ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಒಂದು ವರ್ಷದೊಳಗಿನ ಮರಿಗಳ ಸಣ್ಣ ಕರುಳಿನಲ್ಲಿ ಪ್ಯಾರಾಸ್ಕಾರಿಸ್ ಎಂಬ ದುಂಡುಹುಳು ಸೇರಿಕೊಳ್ಳುತ್ತದೆ. ಬೆಳೆದ ಹುಳು ಬಿಳಿಯಾಗಿ, ಪೆನ್ಸಿಲಿನಷ್ಟು ದಪ್ಪವಾಗಿ, ಒಂದು ಅಡಿಗಿಂತಲೂ ಉದ್ದವಾಗಿರಬಲ್ಲದು. ಇಂಥವು ನೂರಾರು ಇರುವ ಮರಿಗೆ, ಹುಳುಗಳನ್ನು ಬೇಗನೆ ಸ್ತಂಭಿಸುವಂತೆ ಮಾಡುವ ಔಷಧಗಳನ್ನು (ಪೈರಾಂಟೆಲ್, ಐವರ್‌ಮೆಕ್ಟಿನ್ ಮುಂತಾದವು) ಕೊಟ್ಟಾಗ, ಎಲ್ಲ ಹುಳುಗಳೂ ಒಮ್ಮೆಗೇ ಸಡಿಲವಾಗಿ ಮುದ್ದೆಗಟ್ಟಿ ಕರುಳನ್ನು ಮುಚ್ಚುತ್ತವೆ, ಕೆಲವೊಮ್ಮೆ ಕರುಳು ಒಡೆಯುತ್ತದೆ. ನಿಮ್ಮವರ ಮರಿಗೆ ಆದದ್ದು ಇದೇ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದಿದ್ದರೂ ನೀವು ಬರೆದ ಲಕ್ಷಣಗಳು ಇದಕ್ಕೆ ಹೊಂದುತ್ತವೆ.

ಇಂಥ ಮರಿಗಳಿಗೆ ಫೆನ್‌ಬೆಂಡಜೋಲ್ ವಾಸಿ. ಅದು ಹುಳುವಿನ ಆಹಾರ ಹೀರುವ ಶಕ್ತಿಯನ್ನು ಕುಂದಿಸಿ ನಿಧಾನವಾಗಿ ಕೊಲ್ಲುವುದರಿಂದ ಕರುಳು ಕಟ್ಟುವ ಸಂಭವ ಕಡಿಮೆಯಾಗುತ್ತದೆ. ಹಾಗೆಂದು ಸಂಭವವೇ ಇಲ್ಲವೆಂದಲ್ಲ. ದುಂಡುಹುಳುಗಳು ಹಲವು ದೇಶಗಳಲ್ಲಿ ಐವರ್‌ಮೆಕ್ಟಿನ್‌ಗೆ ಜಗ್ಗದಂತಾಗಿರುವುದು ಇದನ್ನು ಆರಿಸಲು ಇನ್ನೊಂದು ಕಾರಣ. ವೈದ್ಯರು ಲಭ್ಯವಿರುವ ದಿನ ಬೆಳಿಗ್ಗೆ ಔಷಧ ಕೊಡಿಸಿ, ಮುಂದಿನ ಎರಡು ದಿನ ಮರಿಯನ್ನು ಕಣ್ಣಳತೆಯಲ್ಲಿ ಇರಿಸಿಕೊಳ್ಳಿ. ನೆಲ ಕೆರೆಯುವುದು, ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡುವುದು, ಉರುಳಾಡುವುದು, ಲದ್ದಿ ನಿಲ್ಲುವುದು ಇವುಗಳಲ್ಲಿ ಯಾವುದು ಕಂಡರೂ ಮೇವು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆ ಹೊತ್ತಿನಲ್ಲಿ ಗೊಟ್ಟದಲ್ಲಿ ಎಣ್ಣೆ ಎತ್ತುವುದು ಬೇಡವೇ ಬೇಡ. ತಲೆ ಮೇಲೆತ್ತಿ ಸುರಿದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ಕುರಿಯ ಔಷಧ ಬೇಡ. ಕುರಿಗಳಿಗೆ ಹಾಕುವ ಹಲವು ಮಿಶ್ರಣಗಳಲ್ಲಿ ಲೆವಾಮಿಸೋಲ್ ಇರುತ್ತದೆ. ಕುದುರೆಯಲ್ಲಿ ಅದರ ಚಿಕಿತ್ಸೆಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಬಾಟಲಿಯ ಮೇಲೆ ಕುದುರೆ ಎಂಬ ಪದವಿಲ್ಲದಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ. ಮುಂದೆ ಮರಿ ಹುಟ್ಟಿದಾಗ ಹೊಟ್ಟೆ ಉಬ್ಬುವವರೆಗೆ ಕಾಯದೆ, ಎರಡರಿಂದ ಮೂರು ತಿಂಗಳ ವಯಸ್ಸಿನಲ್ಲಿಯೇ ಮೊದಲ ಸಲ ಔಷಧ ಕೊಟ್ಟರೆ ಹುಳುಗಳು ಅಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ.

ಪ್ರಶ್ನೆ: ರಾಸಾಯನಿಕ ಔಷಧಗಳ ಬದಲು ಬೇವು, ಹೊಗೆಸೊಪ್ಪು, ಮೈಲುತುತ್ತ ಬಳಸಿದರೆ ಅಡ್ಡಪರಿಣಾಮ ತಪ್ಪುತ್ತದೆಯೇ? ಮೂರು ತಿಂಗಳಿಗೊಮ್ಮೆ ಔಷಧ ಹಾಕಲೇಬೇಕೇ?
— ಮಾನ್ವಿಯ ಓದುಗರು

ಉತ್ತರ: ಹೊಗೆಸೊಪ್ಪಿನ ನಿಕೋಟಿನ್ ಮತ್ತು ಮೈಲುತುತ್ತದ ತಾಮ್ರ ಎರಡೂ ನೇರ ವಿಷಗಳು; ಇಂದಿನ ಔಷಧಗಳು ಬರುವ ಮೊದಲು ಬೇರೆ ದಾರಿಯಿಲ್ಲದೆ ಬಳಸುತ್ತಿದ್ದರು, ಈಗ ಆ ಅನಿವಾರ್ಯವಿಲ್ಲ. ಬೇವಿನ ಸೊಪ್ಪು ಕುದುರೆಯ ಹೊಟ್ಟೆಯ ಹುಳುಗಳನ್ನು ನಂಬುವಷ್ಟರ ಮಟ್ಟಿಗೆ ತಗ್ಗಿಸುತ್ತದೆ ಎನ್ನಲು ಆಧಾರ ಸಾಲದು. ಅದನ್ನೇ ನೆಚ್ಚಿ ಕುಳಿತರೆ ಹುಳು ಬೆಳೆಯುತ್ತಲೇ ಇರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಮುಖ್ಯವಾದದ್ದು. ಬೆಳೆದ ಕುದುರೆಗೆ ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಔಷಧ ಹಾಕುವ ಪದ್ಧತಿಯನ್ನು ತಜ್ಞರು ಕೈಬಿಟ್ಟಿದ್ದಾರೆ. ಹುಳುಗಳು ಔಷಧಕ್ಕೆ ಒಗ್ಗಿಹೋಗುವುದು ಇದರಿಂದಲೇ. ಅಡ್ಡಪರಿಣಾಮವನ್ನು ತಗ್ಗಿಸುವ ನೇರ ದಾರಿಯೆಂದರೆ ಬೇಡದ ಔಷಧವನ್ನು ಹಾಕದಿರುವುದು, ಅದಕ್ಕೆ ಲದ್ದಿಯ ಪರೀಕ್ಷೆ ಬೇಕು. ಆಗತಾನೇ ಹಾಕಿದ ಲದ್ದಿಯ ಎರಡು ಮೂರು ಉಂಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ತಂಪಾಗಿ ಇರಿಸಿ, ಅದೇ ದಿನ ಪಶು ಆಸ್ಪತ್ರೆಯ ಪ್ರಯೋಗಾಲಯಕ್ಕೆ ತಲುಪಿಸಿ, ಮೊಟ್ಟೆಗಳ ಎಣಿಕೆ ಬೇಕೆಂದು ಹೇಳಿ. ಬೆಳೆದ ಕುದುರೆಯ ಒಂದು ಗ್ರಾಂ ಲದ್ದಿಯಲ್ಲಿ 200ಕ್ಕಿಂತ ಕಡಿಮೆ ಮೊಟ್ಟೆಗಳಿದ್ದರೆ ಹೆಚ್ಚು ಹುಳು ಹರಡುವ ಕುದುರೆ ಅದಲ್ಲ ಎಂದು ಭಾವಿಸುತ್ತಾರೆ. 500 ದಾಟಿದರೆ ಔಷಧ ಅಗತ್ಯ. ಔಷಧ ಹಾಕಿದ 14 ದಿನಗಳಿಗೆ ಮತ್ತೊಮ್ಮೆ ಎಣಿಸಿದರೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಬೆಳೆದ ಆರೋಗ್ಯವಂತ ಕುದುರೆಗೆ ವರ್ಷಕ್ಕೆ ಒಂದೆರಡು ಸಲ ಸಾಕಾಗುವುದೇ ಹೆಚ್ಚು.

ರಾಯಚೂರಿನ ಬೇಸಿಗೆ ಈ ವಿಷಯದಲ್ಲಿ ನಿಮ್ಮ ಪರವಾಗಿದೆ. 40 ಡಿಗ್ರಿ ದಾಟುವ ಒಣ ಬಿಸಿಲಿನಲ್ಲಿ ಹುಲ್ಲಿನ ಮೇಲಿನ ಸ್ಟ್ರಾಂಗೈಲ್ (ಕುದುರೆಯ ಕರುಳಿನಲ್ಲಿ ಬೆಳೆಯುವ ಜಂತು) ಮರಿಹುಳುಗಳು ಬಹುಕಾಲ ಬದುಕುವುದಿಲ್ಲ. ಹರಡುವಿಕೆ ಹೆಚ್ಚುವುದು ಮಳೆಗಾಲದಲ್ಲಿ. ಆದ್ದರಿಂದ ಮಳೆ ಹಿಡಿದ ಮೇಲೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸುವುದು ಲೆಕ್ಕಕ್ಕೆ ಸರಿ. ಕಾಲುವೆ ಏರಿಯ ಹಸಿ ಹುಲ್ಲಿಗೆ ಮಾತ್ರ ಈ ಮಾತು ಅನ್ವಯಿಸದು. ಮೇಯುವ ಜಾಗದಿಂದ ವಾರಕ್ಕೆ ಎರಡು ಸಲ ಲದ್ದಿ ಬಾಚಿ ತೆಗೆದರೆ ಔಷಧದ ಅಗತ್ಯವೇ ಕಡಿಮೆಯಾಗುತ್ತದೆ. ಹಸಿ ಲದ್ದಿಯನ್ನು ಅದೇ ಹುಲ್ಲಿಗೆ ಗೊಬ್ಬರವಾಗಿ ಹರಡಬೇಡಿ.

ಪ್ರಶ್ನೆ: ನಮ್ಮದು ಎಲುಬು ಕಾಣುವಷ್ಟು ಬಡಕಲಾದ ಮುದಿ ಕುದುರೆ. ವಿದೇಶದಲ್ಲಿರುವ ಸಂಬಂಧಿಕರು ಮಾಕ್ಸಿಡೆಕ್ಟಿನ್ ಜೆಲ್ ತಂದುಕೊಟ್ಟಿದ್ದಾರೆ. ಕೊಡಬಹುದೇ?
— ಸಂಡೂರಿನ ಓದುಗರು

ಉತ್ತರ: ಈ ಸ್ಥಿತಿಯಲ್ಲಿ ಬೇಡ. ಮಾಕ್ಸಿಡೆಕ್ಟಿನ್ ಒಳ್ಳೆಯ ಔಷಧವೇ, ಆದರೆ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಬಿಡುಗಡೆಯಾಗುವುದು ಅದರ ಗುಣ. ಕೊಬ್ಬಿಲ್ಲದ ಬಡಕಲು ಕುದುರೆಯಲ್ಲಿಯೂ ಎಳೆಯ ಮರಿಯಲ್ಲಿಯೂ ಅದು ಮಿದುಳನ್ನು ಮುಟ್ಟಿ, ತೂಕಡಿಕೆ, ತೂರಾಟ, ನೆಲ ಹಿಡಿದು ಏಳದಿರುವಿಕೆಗಳಿಗೆ ಕಾರಣವಾಗುತ್ತದೆ. ಒಂದು ಸಿರಿಂಜ್ ಪೂರ್ತಿ ಒಂದೇ ಕುದುರೆಗೆ ಎಂದು ತಿಳಿದು ಅಳತೆಯ ಉಂಗುರ ತಿರುಗಿಸದೆ ಒತ್ತಿದಾಗಲೂ ಹೀಗಾಗುವುದುಂಟು. ಮೊದಲು ಹಲ್ಲು ತೋರಿಸಿ. ಮುದಿ ಕುದುರೆ ಬಡವಾಗುವುದು ಹುಳುವಿಗಿಂತ ಸವೆದ ಹಲ್ಲಿನಿಂದಲೇ ಹೆಚ್ಚು. ಲದ್ದಿಯಲ್ಲಿ ಮೊಟ್ಟೆಗಳು ಕಂಡರೆ ಫೆನ್‌ಬೆಂಡಜೋಲ್ ಅಥವಾ ತೂಕಕ್ಕೆ ಸರಿಯಾಗಿ ಅಳೆದ ಐವರ್‌ಮೆಕ್ಟಿನ್ ಪೇಸ್ಟ್ ಸಾಕು. ಆ ಜೆಲ್‌ನ ಸಿರಿಂಜನ್ನು ನಾಯಿಯ ಬಾಯಿಗೆ ಸಿಗುವಂತೆ ಲಾಯದಲ್ಲಿ ಬಿಟ್ಟಿರಬೇಡಿ. ಕುದುರೆಗೆ ಅಳೆದ ಪ್ರಮಾಣದಲ್ಲಿ ಸ್ವಲ್ಪ ನೆಕ್ಕಿದರೂ ನಾಯಿಗೆ ಅದು ಮಿತಿಮೀರಿದ ಔಷಧ.