ನಾಲ್ಕು ಮಾತ್ರೆ ನಡೆಯುತ್ತಿವೆ, ಐದನೆಯದು ಬೇಕೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಹುಡುಗನನ್ನು ‘ಅ’ ಎಂದಷ್ಟೇ ಕರೆದಿದೆ.)

ವಯಸ್ಸು 13, ಎಂಟನೇ ತರಗತಿ. ಆಪ್ತಸಲಹೆಗೆ ತಾಯಿ ತಂದೆ ಇಬ್ಬರೂ ಜೊತೆಗೆ ಬಂದಿದ್ದರು. ಹತ್ತು ದಿನದಿಂದ ಮಗ ರಾತ್ರಿ ಮೂರರವರೆಗೆ ಮಲಗುವುದಿಲ್ಲ, ಕೂತಲ್ಲಿ ಕೂರುವುದಿಲ್ಲ, ಮಾತನಾಡಿಸಿದರೆ ಸಿಡಿಯುತ್ತಾನೆ. ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಂತೆ ಬರುವ ಕಾಯಿಲೆ) ಇರಬಹುದು, ಇನ್ನೊಂದು ಮಾತ್ರೆ ಶುರು ಮಾಡೋಣ ಎಂದು ಒಬ್ಬ ವೈದ್ಯರು ಹೇಳಿದ್ದರು. ಆಗಲೇ ನಾಲ್ಕು ನಡೆಯುತ್ತಿದ್ದವು. ಐದನೆಯದನ್ನು ಕೊಡಬೇಕೋ ಬೇಡವೋ ಎಂಬುದು ತಾಯಿಯ ಪ್ರಶ್ನೆ. ತಂದೆಯದು ಬೇರೆಯೇ ಮಾತು: “ಎಲ್ಲಾನೂ ಒಟ್ಟಿಗೇ ನಿಲ್ಲಿಸಿಬಿಡೋಣ ಅಂತಿದ್ದೀನಿ.”

ಎರಡಕ್ಕೂ ಉತ್ತರ ಕೊಡುವ ಅಧಿಕಾರ ಆಪ್ತಸಲಹೆಗಾರರಿಗೆ ಇಲ್ಲ. ಮಾತ್ರೆ ಬರೆಯುವುದೂ ನಿಲ್ಲಿಸುವುದೂ ವೈದ್ಯರ ಕೆಲಸ. ಆದರೆ ಯಾವುದು ಯಾವಾಗ ಶುರುವಾಯಿತು, ಏಕೆ ಶುರುವಾಯಿತು, ಆಮೇಲೆ ಏನಾಯಿತು ಎಂಬುದು ವೈದ್ಯರ ಮುಂದೆ ಒಂದೇ ಹಾಳೆಯಲ್ಲಿ ಇರಬೇಕು. ಈ ಮನೆಯಲ್ಲಿ ನಾಲ್ಕು ವರ್ಷದಲ್ಲಿ ಆ ಹಾಳೆಯನ್ನು ಯಾರೂ ಬರೆದಿರಲಿಲ್ಲ. ಚೀಟಿ ಬರೆದವರು ಮೂವರು, ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬಿದ್ದಿಲ್ಲ.

ಮೊದಲು ಕೇಳಬೇಕಾದದ್ದು

ಹಾಳೆಗಿಂತ ಮುಂಚೆ ಹುಡುಗನನ್ನು ಒಬ್ಬನೇ ಕೂರಿಸಿ ಮಾತನಾಡಿಸಲಾಯಿತು. ಖಿನ್ನತೆಯ ಮಾತ್ರೆ ಈಚೆಗೆ ಶುರುವಾಗಿ ನಡವಳಿಕೆ ದಿಢೀರನೆ ಬದಲಾಗಿದ್ದರೆ ಈ ಮಾತುಕತೆಯನ್ನು ನಾಳೆಗೆ ಹಾಕಬಾರದು. ಪ್ರಶ್ನೆಯನ್ನು ಸುತ್ತಿಬಳಸದೆ ಕೇಳಬೇಕು: “ಸಾಯಬೇಕು ಅಂತ ಯಾವಾಗಲಾದ್ರೂ ಅನ್ನಿಸಿದೆಯಾ?” ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂಬ ಭಯ ಹೆತ್ತವರಲ್ಲಿ ಇರುತ್ತದೆ. ಹಾಗಾಗುವುದಿಲ್ಲ.

“ಇಲ್ದೇ ಇದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ. ಏನೂ ಮಾಡ್ಕೊಳ್ಳಲ್ಲ” ಅಂದ. ಯೋಜನೆ ಇಲ್ಲ, ಹಿಂದೆ ಪ್ರಯತ್ನ ಮಾಡಿಲ್ಲ. ಆದರೂ ಅಂದೇ ಅವನ ಮನೋವೈದ್ಯರಿಗೆ ಫೋನ್ ಹೋಯಿತು. ಮನೆಯ ಎಲ್ಲ ಮಾತ್ರೆಗಳನ್ನು, ಅಪ್ಪನ ಬಿಪಿ ಮಾತ್ರೆಯೂ ಸೇರಿ, ಬೀಗ ಹಾಕಿ ಇಡುವುದು, ದಿನದ ಮಾತ್ರೆಯನ್ನು ದೊಡ್ಡವರೇ ಕೈಗೆ ಕೊಡುವುದು, ರಾತ್ರಿ ಒಬ್ಬರು ಅವನ ಕೋಣೆಯಲ್ಲೇ ಮಲಗುವುದು ಎಂದು ನಿರ್ಧಾರವಾಯಿತು.

ಈ ಎಚ್ಚರಕ್ಕೆ ಆಧಾರವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 24 ಪ್ರಯೋಗಗಳನ್ನು, ಸುಮಾರು 4,400 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಶೇ. 4ರಷ್ಟಿತ್ತು, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 2ರಷ್ಟು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸತ್ತಿರಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಔಷಧದ ಮಾಹಿತಿಪತ್ರದಲ್ಲಿ ಹಾಕುವ ಅತಿ ಗಂಭೀರ ಸೂಚನೆಯಾದ ಕಪ್ಪುಚೌಕದ ಎಚ್ಚರಿಕೆ ಬಂತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿದರು. ಎಚ್ಚರಿಕೆಯ ಬೆನ್ನಿಗೆ ಅಲ್ಲಿ ಮಕ್ಕಳಿಗೆ ಈ ಮಾತ್ರೆ ಬರೆಯುವುದು ಕಡಿಮೆಯಾಯಿತು. ಆಮೇಲೆ ಮತ್ತೆ ಏರಿ, 2020ರ ನಂತರ ಹದಿಹರೆಯದ ಹುಡುಗಿಯರಲ್ಲಂತೂ ಬಹಳ ವೇಗವಾಗಿ ಏರಿತು. ಎಚ್ಚರಿಕೆ ಹೇಳುವುದು ಮಾತ್ರೆ ಕೊಡಬೇಡಿ ಎಂದಲ್ಲ, ಮೊದಲ ವಾರಗಳಲ್ಲಿ ಮಗುವಿನ ಮೇಲೆ ಕಣ್ಣಿಡಿ ಎಂದು. ‘ಅ’ನಿಗೆ ಈ ಮಾತ್ರೆ ಕೊಟ್ಟು ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿದ್ದರು.

ಹಾಳೆ

ಮರುದಿನ ಮನೆಯಲ್ಲಿದ್ದ ಸ್ಟ್ರಿಪ್, ಬಾಟಲಿ, ಹಳೆಯ ಚೀಟಿ, ಬಿಲ್ಲು ಎಲ್ಲವನ್ನೂ ಒಂದು ಚೀಲದಲ್ಲಿ ತರಿಸಲಾಯಿತು. ಚೀಟಿ ಕಳೆದುಹೋಗಿದ್ದಕ್ಕೆ ತಾಯಿಯ ಮೊಬೈಲಿನಲ್ಲಿದ್ದ ಫೋಟೋದ ತಾರೀಖು ನೆರವಿಗೆ ಬಂತು. ಹಾಳೆಗೆ ಆರು ಅಂಕಣ: ಮಾತ್ರೆಯ ಹೆಸರು, ಶುರುವಾದ ತಿಂಗಳು, ಪ್ರಮಾಣ ಮತ್ತು ಹೊತ್ತು, ಬರೆದವರು, ಯಾವ ತೊಂದರೆಗೆ, ಆಮೇಲಿನ ನಾಲ್ಕು ವಾರದಲ್ಲಿ ಏನು ಬದಲಾಯಿತು. ಕೊನೆಯ ಅಂಕಣ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕಥೆಯೆಲ್ಲ ಇರುವುದೂ ಅಲ್ಲೇ.

ಒಂಬತ್ತನೇ ವರ್ಷದಲ್ಲಿ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಎಂದು ಗುರುತಿಸಿ ಮಿಥೈಲ್‌ಫೆನಿಡೇಟ್ 10 ಮಿ.ಗ್ರಾಂ., ಬೆಳಗ್ಗೆ ಮತ್ತು ಮಧ್ಯಾಹ್ನ. ಕೆಲಸ ಮಾಡಿತು, ಟೀಚರ್ ಬರೆದ ಟಿಪ್ಪಣಿಗಳೇ ಸಾಕ್ಷಿ. ಹನ್ನೊಂದನೇ ವರ್ಷದಲ್ಲಿ ಹೋಂವರ್ಕ್ ಆಗುತ್ತಿಲ್ಲವೆಂದು ಸಂಜೆ ಐದೂವರೆಗೆ ಮೂರನೇ ಡೋಸ್. ಎರಡು ತಿಂಗಳಲ್ಲಿ ರಾತ್ರಿ ಹನ್ನೆರಡೂವರೆಯಾದರೂ ನಿದ್ದೆ ಬಾರದು, ಅದಕ್ಕೆ ಮೆಲಟೋನಿನ್ 3 ಮಿ.ಗ್ರಾಂ. ಅದಾಗಿ ನಾಲ್ಕು ತಿಂಗಳಿಗೆ ಸಂಜೆಯ ಸಿಟ್ಟು, ತಟ್ಟೆ ಎಸೆಯುವುದು. ಅದಕ್ಕೆ ತೀವ್ರ ಮನೋರೋಗಗಳಿಗೆ ಬಳಸುವ ರಿಸ್ಪೆರಿಡೋನ್ 0.5, ಆಮೇಲೆ 1 ಮಿ.ಗ್ರಾಂ. ಸಿಟ್ಟು ಇಳಿಯಿತು. 14 ತಿಂಗಳಲ್ಲಿ ತೂಕ 38 ಕಿಲೋದಿಂದ 53ಕ್ಕೆ ಹೋಯಿತು, ಎತ್ತರ ಹೆಚ್ಚಿದ್ದು 6 ಸೆಂ.ಮೀ. ಮಾತ್ರ. ಬೆಳೆಯುವ ವಯಸ್ಸು ಅಂದುಕೊಂಡು ಸುಮ್ಮನಾದರು. ಆಮೇಲೆ ಮಂಕು, ಆಟಕ್ಕೆ ಹೋಗದಿರುವುದು, ಶಾಲೆ ತಪ್ಪಿಸುವುದು. ಅದಕ್ಕೆ ಖಿನ್ನತೆಯ ಮಾತ್ರೆ ಫ್ಲುಆಕ್ಸಿಟಿನ್ 10, ವಾರಕ್ಕೇ 20 ಮಿ.ಗ್ರಾಂ. ಹತ್ತು ದಿನದ ಚಡಪಡಿಕೆ ಶುರುವಾದದ್ದು ಇದಾದ ಮೇಲೆ.

ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದರೆ ನಾಲ್ಕು ಕಾಯಿಲೆ ಕಾಣುವುದಿಲ್ಲ. ಒಂದು ಕಾಯಿಲೆ, ಅದರ ಹಿಂದೆ ಒಂದರ ಬಾಲ ಹಿಡಿದು ಇನ್ನೊಂದು ಬಂದ ಮಾತ್ರೆಗಳು ಕಾಣುತ್ತವೆ. ಮಕ್ಕಳಲ್ಲಿ ಮನೋವೈದ್ಯಕೀಯ ಔಷಧದ ಬಳಕೆ ಹೆಚ್ಚುತ್ತಿದೆ ಎಂಬ ಚರ್ಚೆಯಲ್ಲಿ ಎಷ್ಟು ಮಕ್ಕಳು ಎಂಬ ಲೆಕ್ಕವೇ ಮುಂದಿರುತ್ತದೆ. ಒಂದು ಮಗುವಿಗೆ ಎಷ್ಟು ಮಾತ್ರೆ ಎಂಬುದು ಅದಕ್ಕಿಂತ ಮುಖ್ಯ. ಮಾತ್ರೆ ಸೇರಿಸಲು ಒಂದು ಭೇಟಿ ಸಾಕು, ತೆಗೆಯಲು ಐದಾರು ಭೇಟಿ ಬೇಕು. ಹಾಗಾಗಿ ಸೇರಿದ್ದು ಸೇರಿಯೇ ಉಳಿಯುತ್ತದೆ.

ಎಲ್ಲಿ ತಪ್ಪಿತು

ಸಾಮಾನ್ಯ ಮಿಥೈಲ್‌ಫೆನಿಡೇಟ್ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಅದು ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಮಾತ್ರೆಯಿಲ್ಲದ ದಿನಕ್ಕಿಂತ ಹೆಚ್ಚು ಕಿರಿಕಿರಿ ಮಾಡುತ್ತಾರೆ. ಹಸಿವನ್ನೂ ಅದು ಕೊಲ್ಲುತ್ತದೆ. ‘ಅ’ನ ಊಟದ ಡಬ್ಬಿ ಎಷ್ಟೋ ದಿನ ತುಂಬಿದ್ದು ತುಂಬಿದ ಹಾಗೇ ವಾಪಸಾಗುತ್ತಿತ್ತು. ಸಂಜೆಯ ಸಿಟ್ಟಿನಲ್ಲಿ ಹಸಿವೆಷ್ಟು, ಮಾತ್ರೆ ಇಳಿದದ್ದೆಷ್ಟು, ನಿದ್ದೆಗೇಡಿನದೆಷ್ಟು ಎಂದು ಬಿಡಿಸಿ ನೋಡದೆ ಸಿಟ್ಟಿಗೇ ಮಾತ್ರೆ ಬಂತು.

ರಿಸ್ಪೆರಿಡೋನ್‌ಗೆ ಎಫ್‌ಡಿಎ 2006ರಲ್ಲಿ ಒಪ್ಪಿಗೆ ಕೊಟ್ಟದ್ದು ಆಟಿಸಂ ಇರುವ 5ರಿಂದ 16 ವರ್ಷದ ಮಕ್ಕಳ ತೀವ್ರ ಸಿಡುಕಿಗೆ. ಅಲ್ಲಿಂದ ಅದು ಆಟಿಸಂ ಇಲ್ಲದ ಮಕ್ಕಳ ಸಿಟ್ಟಿಗೂ ಹರಡಿತು. ಹಾಗೆ ಬಳಸುವುದೇ ತಪ್ಪೆಂದಲ್ಲ, ಕೆಲವು ಮನೆಗಳನ್ನು ಅದು ಉಳಿಸಿದೆ. ಆದರೆ ಶುರು ಮಾಡುವ ಮುಂಚೆ ತೂಕ, ಎತ್ತರ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಬ್ಬಿನಂಶ ನೋಡಬೇಕು. ಮೂರು ತಿಂಗಳಿಗೆ ಮತ್ತೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ, ತೂಕವನ್ನಂತೂ ಪ್ರತಿ ಭೇಟಿಯಲ್ಲೂ. ಇಲ್ಲಿ ಸಿಕ್ಕದ್ದು ಎರಡು ಸಲದ ತೂಕ ಮತ್ತು ಎತ್ತರ ಮಾತ್ರ, ಅದೂ ಶಾಲೆಯ ಆರೋಗ್ಯ ಕಾರ್ಡಿನಲ್ಲಿ.

ಇನ್ನೊಂದನ್ನು ಯಾರೂ ಕೇಳಿಯೇ ಇರಲಿಲ್ಲ. ಫ್ಯಾನಿನ ಕೆಳಗೂ ಬೆವರುತ್ತ ಹುಡುಗ ಜರ್ಕಿನ್ ಬಿಚ್ಚುತ್ತಿರಲಿಲ್ಲ. ಕೈ ಮಡಚಿ ಎದೆಗೆ ಅಡ್ಡ ಹಿಡಿದೇ ಕೂತಿದ್ದ. ಮೂರನೇ ಭೇಟಿಯಲ್ಲಿ ಹೇಳಿದ: ಎದೆ ಊದಿಕೊಂಡಿದೆ, ಆಟದ ಪೀರಿಯಡ್‌ನಲ್ಲಿ ಬಟ್ಟೆ ಬದಲಿಸುವಾಗ ಹುಡುಗರು ನಗುತ್ತಾರೆ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ, ಗಂಡುಮಕ್ಕಳಲ್ಲಿ ಹೀಗಾಗಬಹುದು. ಪ್ರಾಯದಲ್ಲಿ ತಾನಾಗಿಯೂ ಆಗುತ್ತದೆ, ಅದಕ್ಕೇ ರಕ್ತ ಪರೀಕ್ಷೆ ಬೇಕು. ಅವನು ಆಟಕ್ಕೆ ಹೋಗದ್ದು ಖಿನ್ನತೆಯ ಲಕ್ಷಣ ಎಂದು ಚೀಟಿಯಲ್ಲಿ ದಾಖಲಾಗಿತ್ತು.

ಕೊನೆಗೆ ಆ ಹತ್ತು ದಿನ. ಫ್ಲುಆಕ್ಸಿಟಿನ್ ತಾನೇ ಕೆಲವು ಮಕ್ಕಳನ್ನು ಮೊದಲ ವಾರಗಳಲ್ಲಿ ಕೆರಳಿಸುತ್ತದೆ, ಪ್ರಮಾಣ ಬೇಗ ಏರಿಸಿದರೆ ಇನ್ನೂ ಹೆಚ್ಚು. ಜೊತೆಗೆ, ಯಕೃತ್ತಿನಲ್ಲಿ ರಿಸ್ಪೆರಿಡೋನನ್ನು ಕರಗಿಸುವ ಸಿವೈಪಿ2ಡಿ6 ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಅಂದರೆ ನುಂಗುವುದು 1 ಮಿ.ಗ್ರಾಂ. ಆದರೂ ರಕ್ತದಲ್ಲಿ ಅದಕ್ಕಿಂತ ಹೆಚ್ಚಿನ ಡೋಸಿನಷ್ಟು ಇರಬಹುದು. ಹಾಗಾದಾಗ ಬರುವ ಕಾಲಿನ ಚಡಪಡಿಕೆಗೆ ಅಕಥೀಸಿಯಾ ಎನ್ನುತ್ತಾರೆ. “ಕಾಲೊಳಗೆ ಏನೋ ಓಡಾಡ್ತಾ ಇರುತ್ತೆ, ನಡೆದ್ರೆ ಮಾತ್ರ ಕಮ್ಮಿ” ಎಂದ ‘ಅ’. ಬೈಪೋಲಾರ್ ಉನ್ಮಾದದಲ್ಲಿ ಮಕ್ಕಳು ಹೀಗೆ ದೂರುವುದು ವಿರಳ. ಬೈಪೋಲಾರ್ ಎಂಬ ಮುದ್ರೆ ಎಷ್ಟು ಸಲೀಸಾಗಿ ಬೀಳುತ್ತದೆ ಎಂಬುದಕ್ಕೆ ಹಳೆಯ ಪಾಠವಿದೆ: ಅಮೆರಿಕದಲ್ಲಿ 1994–95 ಮತ್ತು 2002–03ರ ನಡುವೆ ಆ ಹೆಸರಿನಲ್ಲಿ ಮಕ್ಕಳು ಹಾಗೂ ಹದಿಹರೆಯದವರು ವೈದ್ಯರನ್ನು ಕಂಡ ಪ್ರಮಾಣ ಸುಮಾರು 40 ಪಟ್ಟು ಏರಿತ್ತು. ಸದಾ ಸಿಡುಕುವ ಮಕ್ಕಳನ್ನು ಅದರಿಂದ ಹೊರಗಿಡಲೆಂದೇ ಅಮೆರಿಕದ ಮನೋರೋಗ ವರ್ಗೀಕರಣದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಬೇರೊಂದು ರೋಗನಾಮ ಸೇರಿಸಬೇಕಾಯಿತು.

ಕೊಟ್ಟ ಸಲಹೆ

ತಂದೆಗೆ: ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ. ರಿಸ್ಪೆರಿಡೋನ್ ಥಟ್ಟನೆ ಬಿಟ್ಟರೆ ವಾಕರಿಕೆ, ನಿದ್ದೆಗೇಡು, ಬಾಯಿ ಮತ್ತು ಕೈಗಳಲ್ಲಿ ತಾನಾಗಿ ಆಗುವ ಚಲನೆ ಬರಬಹುದು. ಆಗ ಅದನ್ನೇ ಕಾಯಿಲೆ ಮರುಕಳಿಸಿತು ಎಂದುಕೊಳ್ಳುತ್ತೀರಿ. ಫ್ಲುಆಕ್ಸಿಟಿನ್ ದೇಹದಿಂದ ಹೋಗಲು ವಾರಗಟ್ಟಲೆ ಬೇಕು, ಆದ್ದರಿಂದ ನಿಲ್ಲಿಸಿದ ಮರುದಿನ ಏನೂ ಆಗಲಿಲ್ಲವಲ್ಲ ಎಂದು ಲೆಕ್ಕ ಹಾಕಬೇಡಿ. ಮಿಥೈಲ್‌ಫೆನಿಡೇಟ್ ಬಗ್ಗೆ ಸಿಟ್ಟೂ ಬೇಡ. 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದಲ್ಲಿ, ಎಡಿಎಚ್‌ಡಿಯ ಮುಖ್ಯ ಲಕ್ಷಣಗಳಿಗೆ ಬರೀ ನಡವಳಿಕೆ ತರಬೇತಿಗಿಂತ ಹದವಾಗಿ ಹೊಂದಿಸಿದ ಔಷಧವೇ ಮೇಲಾಗಿತ್ತು.

ಮಾತಿನ ನಡುವೆ ಇನ್ನೊಂದು ಹೊರಬಿತ್ತು. ಭಾನುವಾರ ಎಲ್ಲ ಮಾತ್ರೆಗೂ ರಜೆ ಕೊಡುತ್ತಿದ್ದರು! ಶಾಲೆಯಿಲ್ಲದ ದಿನ ಮಿಥೈಲ್‌ಫೆನಿಡೇಟ್‌ಗೆ ಬಿಡುವು ಕೊಡುವುದನ್ನು ಕೆಲವು ವೈದ್ಯರೇ ಹೇಳುತ್ತಾರೆ. ಉಳಿದ ಮೂರಕ್ಕೆ ಆ ನಿಯಮ ಇಲ್ಲ. ಶಾಲೆಯಿಂದ ದೂರು ಬಂದದ್ದೆಲ್ಲ ಹೆಚ್ಚಾಗಿ ಸೋಮವಾರ ಏಕೆಂದು ಅಲ್ಲಿಗೆ ಗೊತ್ತಾಯಿತು.

ತಾಯಿಗೆ: ಜಗಳದ ನಡುವೆ “ಮಾತ್ರೆ ತಗೊಂಡ್ಯಾ?” ಎಂದು ಕೇಳುವುದನ್ನು ಬಿಡಿ. ಹುಡುಗ ಹೇಳಿದ್ದು: “ನಂಗೆ ನಿಜವಾಗ್ಲೂ ಸಿಟ್ಟು ಬಂದ್ರೂ ಅಮ್ಮ ಅದನ್ನೇ ಕೇಳ್ತಾರೆ.” ಬೆಳಗಿನ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ, ಶಾಲೆಯಿಂದ ಬಂದ ಕೂಡಲೇ ಮಾತಿಗಿಂತ ಮೊದಲು ತಿನ್ನಲು ಏನಾದರೂ. ದಿನಕ್ಕೆ ಎರಡು ಸಾಲಿನ ದಾಖಲೆ: ಮಲಗಿದ ಹೊತ್ತು, ಸಿಟ್ಟು ಶುರುವಾದ ಹೊತ್ತು. ಎಷ್ಟು ಸಿಟ್ಟು ಎಂಬುದಕ್ಕಿಂತ ಎಷ್ಟು ಗಂಟೆಗೆ ಎಂಬುದು ಉಪಯೋಗಕ್ಕೆ ಬರುತ್ತದೆ.

ವೈದ್ಯರ ಬಳಿ ಕೇಳಲು ನಾಲ್ಕು ಪ್ರಶ್ನೆ ಬರೆದುಕೊಟ್ಟದ್ದಾಯಿತು. ಈ ಮಾತ್ರೆ ಯಾವ ಲಕ್ಷಣಕ್ಕೆ? ಫಲ ಕಾಣಲು ಎಷ್ಟು ವಾರ? ಏನು ಕಂಡರೆ ತಕ್ಷಣ ಫೋನ್ ಮಾಡಬೇಕು? ನಿಲ್ಲಿಸುವ ವಿಚಾರವನ್ನು ಯಾವ ತಿಂಗಳು ಮಾತಾಡೋಣ? ನಾಲ್ಕನೆಯದನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ. ಕೇಳಿದರೆ ಬೇಸರ ಪಡುವ ವೈದ್ಯರು ಅಂದುಕೊಂಡಷ್ಟು ಇಲ್ಲ.

ಮುಂದೆ

ಹಾಳೆ ನೋಡಿದ ಮನೋವೈದ್ಯರು ಐದನೆಯದನ್ನು ಕೈಬಿಟ್ಟು, ಇನ್ನು ಮುಂದೆ ಎಲ್ಲವನ್ನೂ ತಾವೊಬ್ಬರೇ ಬರೆಯುವುದಾಗಿ ಹೇಳಿದರು. ಫ್ಲುಆಕ್ಸಿಟಿನ್ ನಿಲ್ಲಿಸಿದರು, ಚಡಪಡಿಕೆ ಮೂರು ವಾರದಲ್ಲಿ ಇಳಿಯಿತು. ಆಮೇಲೆ ಸಂಜೆಯ ಡೋಸ್ ತೆಗೆದು, ಮೂರು ಹೊತ್ತಿನ ಬದಲು ಬೆಳಗ್ಗೆ ಒಂದೇ ದೀರ್ಘಾವಧಿ ಮಾತ್ರೆ. ಎರಡು ತಿಂಗಳಿಗೆ ಮೆಲಟೋನಿನ್ ಬೇಡವಾಯಿತು. ಪ್ರೊಲ್ಯಾಕ್ಟಿನ್ ಹೆಚ್ಚೇ ಇತ್ತು, ಹಾಗಾಗಿ ರಿಸ್ಪೆರಿಡೋನನ್ನು ತಿಂಗಳಿಗೆ 0.25 ಮಿ.ಗ್ರಾಂ.ನಂತೆ ಇಳಿಸುವುದೆಂದಾಯಿತು. 0.5ಕ್ಕೆ ಬಂದಾಗ ಸಿಟ್ಟು ಮರಳಿತು, ಹಾಗಾಗಿ ಪ್ರಮಾಣವನ್ನು ಎರಡು ತಿಂಗಳು ಅಲ್ಲೇ ನಿಲ್ಲಿಸಿದರು. ಆ ಅವಧಿಯಲ್ಲಿ ಹೆತ್ತವರಿಗೆ ನಡವಳಿಕೆ ನಿರ್ವಹಣೆಯ ಎಂಟು ತರಗತಿ, ಹುಡುಗನಿಗೆ ವಾರಕ್ಕೊಮ್ಮೆ ಸಿಬಿಟಿ (ಯೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ).

ಏಳನೇ ತಿಂಗಳಿಗೆ 0.25. ಮಂಕು ಪೂರ್ತಿ ಹೋಗಿಲ್ಲ, ತೂಕ 52ರಲ್ಲಿದೆ, ಜರ್ಕಿನ್ ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ. ಉಳಿದದ್ದನ್ನೂ ಬಿಡಿಸೋಣವೇ ಎಂದು ಮನೋವೈದ್ಯರು ಕೇಳಿದಾಗ, ಪರೀಕ್ಷೆ ಮುಗಿಯಲಿ ಎಂದದ್ದು ‘ಅ’ನೇ. ಅವರು ಒಪ್ಪಿ, ಹಾಳೆಯಲ್ಲಿ ತಾರೀಖು ಬರೆದರು.