ಹಳೇ ತಾಲ್ಲೂಕು ಕಚೇರಿಯನ್ನು ಮ್ಯೂಸಿಯಂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಖಾಲಿ ಬಿದ್ದಿರುವ ಹಳೇ ತಾಲ್ಲೂಕು ಕಚೇರಿಯಲ್ಲಿ ಹೊಯ್ಸಳರ ಶಿಲ್ಪಗಳನ್ನಿಟ್ಟು ಮ್ಯೂಸಿಯಂ ಮಾಡುವ ಆಸೆ ಅಂತ ಬರೆದಿದ್ದೀರಿ. ನಾನೂ ಹಾಸನ ಜಿಲ್ಲೆಯವನೇ, ಸಕಲೇಶಪುರದ ಕಡೆಯವನು. ಸರ್ವೆ ಕೆಲಸದಲ್ಲಿ ಇಂಥ ಕಚೇರಿಗಳಲ್ಲೇ ವರ್ಷಗಟ್ಟಲೆ ಕಳೆದಿದ್ದೇನೆ.

ಶಿಲ್ಪದ ಯೋಚನೆ ಬಿಡಿ. ಹಳೇಬೀಡಿನಲ್ಲಿ ದೇವಸ್ಥಾನದ ಪಕ್ಕದಲ್ಲೇ ಅದಕ್ಕೊಂದು ಮ್ಯೂಸಿಯಂ ಇದೆ. ನಿಮ್ಮ ಕಟ್ಟಡಕ್ಕೆ ಅದರದ್ದೇ ಕಥೆ ಇದೆ, ಅಲ್ವಾ? ಊರಿನ ಅಜ್ಜಂದಿರು ಜಮೀನಿನ ವ್ಯಾಜ್ಯ ಹೊತ್ತು ಅಲೆದದ್ದು ಅಲ್ಲಿಗೇ.

ಶಾನುಭೋಗರ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಚಿಟ್ಟ ಪುಸ್ತಕ. ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಹಳೇ ಮನೆಗಳ ಅಟ್ಟದಲ್ಲಿ ಹುಡುಕಿ. ಇನ್ನು ನಮ್ಮ ಸರ್ವೆ ಸರಪಳಿ. ಉದ್ದ 33 ಅಡಿ. ಅಷ್ಟೇ ಅಳತೆಯ ಚೌಕ ಹಾಕಿದರೆ ಸರಿಯಾಗಿ ಒಂದು ಗುಂಟೆ, ಅಂಥವು 40 ಸೇರಿದರೆ ಎಕರೆ. ಅಂಗಳದಲ್ಲಿ ನಾಲ್ಕು ಮೂಲೆಗೆ ಕಲ್ಲು ನೆಟ್ಟು ಆ ಗುಂಟೆಯನ್ನು ತೋರಿಸಿ. ಪಹಣಿಯಲ್ಲಿ ಬರೀ ಅಂಕಿಯಾಗಿ ಕಂಡದ್ದರೊಳಗೆ ಮಕ್ಕಳು ಓಡಾಡಲಿ.

ಆದರೆ ಇದೆಲ್ಲಕ್ಕೂ ಮೊದಲು ಹೆಂಚು ನೋಡಿ. ಶೋಕೇಸಿಗೆ ದುಡ್ಡು ಹಾಕುವ ಮುಂಚೆ ಒಂದು ಮಳೆಗಾಲ ಪೂರ್ತಿ ಒಳಗೆ ಓಡಾಡಿ, ಸೋರುವ ಜಾಗಗಳಿಗೆ ಗುರುತು ಹಾಕಿ. ನಾವೊಮ್ಮೆ ಬೇಸಿಗೆಯಲ್ಲಿ ಹಳೇ ನಕ್ಷೆಗಳಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆವು. ಆಗಸ್ಟ್‌ನಲ್ಲಿ ನೋಡಿದರೆ ತುಂಬಾ ಬೂಷ್ಟು. ಕೈಯಲ್ಲಿ ಬರೆದ ನಕ್ಷೆಗಳು, ಇನ್ನೊಂದು ಪ್ರತಿ ಇರಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ಅಸಲು ಪ್ರತಿ ಒಣಗಿದ ಕೋಣೆಯ ಬೀರುವಿನಲ್ಲಿರಲಿ, ಗೋಡೆಗೆ ನಕಲು ಸಾಕು. ಕಾಗದ ಹೊರಗಿಟ್ಟರೂ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯಲು ಬಿಡಲೇಬೇಡಿ. ತೇವಕ್ಕೆ ಹೊರಗೆ ಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಬಾಯಿಮಾತಿಗೆ ಎಲ್ಲರೂ ಸುಮ್ನೆ ಹೂಂ ಅನ್ನುತ್ತಾರೆ, ಟೆಂಡರಿನಲ್ಲೇ ಬರೆಸಿ.

ಸಮಯ ಸಿಕ್ಕರೆ ಮಡಿಕೇರಿ ಕೋಟೆಗೆ ಹೋಗಿಬನ್ನಿ. ಒಳಗಿನ ಹಳೇ ಚರ್ಚ್ ಕಟ್ಟಡವೇ ಈಗ ಸರ್ಕಾರಿ ಮ್ಯೂಸಿಯಂ. ಅಲ್ಲಿಯದೂ ನಮ್ಮಂಥದೇ ಮಳೆ. ತೇವವನ್ನು ಹೇಗೆ ನಿಭಾಯಿಸುತ್ತೀರಿ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಜಿಲ್ಲಾಧಿಕಾರಿಗೆ ಅರ್ಜಿ ಕೊಡುವಾಗ ಇನ್ನೆರಡು ಸಾಲು ಸೇರಿಸಿ: ಬೀಗದ ಕೈ ಯಾರ ಹತ್ತಿರ ಇರುತ್ತದೆ, ಐದನೇ ವರ್ಷದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ.