ಪ್ರೀತಿಯ ಕಾರು: ಮಾರಲೇ, ಮತ್ತೊಮ್ಮೆ ರಿಪೇರಿ ಮಾಡಿಸಲೇ?

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. 2002ರಲ್ಲಿ ನೋಂದಣಿಯಾದ, ಎರಡೇ ಸೀಟಿನ, ಛಾವಣಿ ತೆಗೆಯಲು ಬರುವ ಫೈಬರ್ ಬಾಡಿಯ ಸ್ಪೋರ್ಟ್ಸ್ ಕಾರೊಂದನ್ನು 2008ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಅದನ್ನು ತಯಾರಿಸಿದವರು ಈಗ ಆ ಕೆಲಸ ನಿಲ್ಲಿಸಿದ್ದಾರೆ. ಎಂಜಿನ್ ಹೀಟಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲು) ಎರಡು ಸಲ ಹೋಗಿದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಮಳೆ ಬಂದರೆ ಛಾವಣಿಯ ಸಂದಿಯಿಂದ ನೀರು ನೇರವಾಗಿ ತೊಡೆಯ ಮೇಲೆ ಸುರಿಯುತ್ತದೆ. ಕಳೆದ ತಿಂಗಳು ಮಗಳನ್ನು ಕರೆತರಲು ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಹೋಗಬೇಕಿತ್ತು; ಕಾರನ್ನು ನಂಬದೆ ಚಿಗರಿ ಬಸ್ ಹತ್ತಿದೆ. ಆದರೂ ನಸುಕಿನಲ್ಲಿ ಛಾವಣಿ ತೆಗೆದು ಕಲಘಟಗಿ ರಸ್ತೆ ಹಿಡಿದಾಗ ಆಗುವ ಖುಷಿ ಬೇರೆ ಯಾವ ಕಾರಿನಲ್ಲೂ ಸಿಗಲಿಲ್ಲ. ಇಷ್ಟು ವರ್ಷಗಳ ರಿಪೇರಿಯನ್ನೆಲ್ಲ, ವೈರುಗಳ ಬಣ್ಣದ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. 2027ರಲ್ಲಿ ನೋಂದಣಿ ಮತ್ತೆ ನವೀಕರಿಸಬೇಕು. ಮಾರಿಬಿಡಲೇ? ವಿಂಟೇಜ್ ಎಂದು ಉಳಿಸಿಕೊಳ್ಳಲು ಬರುತ್ತದೆಯೇ?
— ಹೆಸರು ಬೇಡ, ಧಾರವಾಡ

ಉತ್ತರ: ವಿಂಟೇಜ್ ಮಾತನ್ನು ಮೊದಲು ಮುಗಿಸೋಣ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ಆ ಮಾನ್ಯತೆ ಸಿಗುತ್ತದೆ. ನೀವು 2052ರವರೆಗೆ ಕಾಯಬೇಕು, ಸಿಕ್ಕ ಮೇಲೂ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇನ್ನು ರೋಗದ ವಿಷಯ. ನೀವು ಬೇರೆಬೇರೆ ಎಂದು ಬರೆದಿರುವ ಮೊದಲ ಎರಡು ತೊಂದರೆಗಳ ಬೇರು ಒಂದೇ ಇರಬಹುದೆಂದು ನನಗೆ ಅನಿಸುತ್ತದೆ. ಉಕ್ಕಿನ ಬಾಡಿಯ ಕಾರಿನಲ್ಲಿ ದೀಪ, ಫ್ಯಾನುಗಳಿಗೆ ಹೋದ ಕರೆಂಟು ಬಾಡಿಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಫೈಬರಿನಲ್ಲಿ ಕರೆಂಟು ಹರಿಯದ ಕಾರಣ ನಿಮ್ಮ ಕಾರಿನಲ್ಲಿ ಪ್ರತಿಯೊಂದಕ್ಕೂ ಕರೆಂಟು ಮರಳುವ ಅರ್ಥ್ ವೈರನ್ನು ಬ್ಯಾಟರಿಗೋ ಕೆಳಗಿನ ಉಕ್ಕಿನ ಚಾಸಿಗೋ ಎಳೆದಿರುತ್ತಾರೆ. ಆ ಜೋಡಣೆಗೆ ತುಕ್ಕು ಹಿಡಿದರೆ ಕರೆಂಟು ಪಕ್ಕದ ಬಲ್ಬಿನೊಳಗಿಂದ ದಾರಿ ಮಾಡಿಕೊಂಡು ಹೋಗುತ್ತದೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದು ಆಗಲೇ. ರೇಡಿಯೇಟರ್ ಫ್ಯಾನಿನ ಅರ್ಥ್ ಕೂಡ ಹೀಗೇ ಸಡಿಲವಾಗಿದ್ದರೆ ಫ್ಯಾನ್ ಒಮ್ಮೆ ತಿರುಗುತ್ತದೆ, ಒಮ್ಮೆ ತಿರುಗುವುದಿಲ್ಲ; ಓಡುತ್ತಿರುವಾಗ ಎದುರು ಗಾಳಿಯಿಂದ ತಂಪಾಗುವ ಎಂಜಿನ್ ಏಪ್ರಿಲ್ ಬಿಸಿಲಿನಲ್ಲಿ ಚೆನ್ನಮ್ಮ ವೃತ್ತದ ಟ್ರಾಫಿಕ್ಕಿನಲ್ಲಿ ನಿಂತಾಗ ಕುದಿಯುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಗ್ಯಾಸ್ಕೆಟ್ ಬದಲಿಸಿದ ಮಿಸ್ತ್ರಿಯ ತಪ್ಪೇನೂ ಇಲ್ಲ, ವೈರಿಂಗ್ ಅವರ ಕೆಲಸವಲ್ಲವಲ್ಲ. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಂದ ಫ್ಯಾನಿನ ಮತ್ತು ಹಿಂದಿನ ದೀಪಗಳ ಅರ್ಥ್ ಬಿಚ್ಚಿಸಿ, ಉಜ್ಜಿಸಿ, ಹೊಸದಾಗಿ ಹಾಕಿಸಿ. ದೊಡ್ಡ ಖರ್ಚಿನ ಕೆಲಸವಲ್ಲ.

ಹಾಗಾದರೆ ಉಳಿಸಿಕೊಳ್ಳಬಹುದಲ್ಲ ಎಂದು ನೀವು ಕೇಳುವಿರಿ. ಇಲ್ಲ, ಅದನ್ನು ಮಾಡಿಸಿ ಮಾರಿ ಎಂದೇ ನನ್ನ ಸಲಹೆ. ಒಂದು ಜೋಡಣೆ ಹಾಳಾದಷ್ಟೇ ವಯಸ್ಸು ಉಳಿದವುಗಳಿಗೂ ಆಗಿದೆ. ಇಂಥ ಕಾರುಗಳಿಗೆ ಸಾಮಾನ್ಯವಾಗಿ ದೊಡ್ಡ ಕಂಪನಿಯ ಎಂಜಿನ್ ತಂದು ಕೂರಿಸಿರುತ್ತಾರೆ (ಇಂಗ್ಲೆಂಡಿನ ಲೋಟಸ್ ಎಲೀಸ್ ಸಹ 1996ರಲ್ಲಿ ಬಂದದ್ದು ರೋವರ್ ಎಂಜಿನ್ನಿನೊಂದಿಗೆ), ಆದ್ದರಿಂದ ಎಂಜಿನ್ನಿನ ಬಿಡಿಭಾಗ ಹೇಗೋ ಸಿಕ್ಕೀತು. ಆ ಕಾರಿಗೆಂದೇ ಮಾಡಿದ ಮುಂದಿನ ಗಾಜು ಒಡೆದರೆ, ಛಾವಣಿಯ ರಬ್ಬರು ಹರಿದರೆ ಎಲ್ಲಿಂದ ತರುವಿರಿ? ಅದಿರಲಿ, ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ದಿನ ಕಾರನ್ನು ಮನೆಯಲ್ಲಿ ಬಿಟ್ಟು ಚಿಗರಿ ಹತ್ತಿದಿರಲ್ಲ, ಅದನ್ನು ನೀವು ಕೈಬಿಟ್ಟದ್ದು ಅಂದೇ. ಈಗ ಉಳಿದಿರುವುದು ಕಾಗದಪತ್ರ.

ಕಾರು ಓಡುವ ಸ್ಥಿತಿಯಲ್ಲಿರುವಾಗಲೇ ಮಾರಿ. ಕೆಟ್ಟು ನಿಂತ ಮೇಲೆ ಗುಜರಿಯವರೂ ಮೂಗು ಮುರಿಯುತ್ತಾರೆ, ಏಕೆಂದರೆ ಫೈಬರನ್ನು ಉಕ್ಕಿನಂತೆ ಕರಗಿಸಿ ಮತ್ತೆ ಬಳಸಲಾಗದು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗದೆ, ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ. ಮಾರಿದ ಮೇಲೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಹೇಳಿದೆ. ಕೊಳ್ಳುವವರು ಹೊರರಾಜ್ಯದವರಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಹಳೆಯ ಸಾಲದ ನಮೂದೇನಾದರೂ ಆರ್‌ಸಿಯಲ್ಲಿ ಉಳಿದಿದ್ದರೆ ಫಾರ್ಮ್ 35 ಕೊಟ್ಟು ಮೊದಲೇ ತೆಗೆಸಿ.

ಕೊಳ್ಳಲು ಬರುವವರಿಗೆ ಸೋರುವ ಛಾವಣಿಯನ್ನೂ ಎರಡು ಸಲದ ಗ್ಯಾಸ್ಕೆಟ್ಟನ್ನೂ ಮುಚ್ಚಿಡಬೇಡಿ. ಇಂಥ ಕಾರನ್ನು ಹುಡುಕಿಕೊಂಡು ಬರುವವರಿಗೆ ಅದೆಲ್ಲ ಗೊತ್ತಿದ್ದೇ ಇರುತ್ತದೆ, ಸ್ವಂತ ಪಾನಾ ಪೆಟ್ಟಿಗೆಯೂ ಇರುತ್ತದೆ. ನಿಮ್ಮ ನೋಟ್‌ಬುಕ್ ಅವರಿಗೆ ಕಾರಿನಷ್ಟೇ ಬೇಕಾಗುತ್ತದೆ. ಕೀಲಿಯ ಜೊತೆಗೇ ಕೊಟ್ಟುಬಿಡಿ. ಮನಸ್ಸಾಗದಿದ್ದರೆ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ.